ಮಾರ್ಚ್ ಕೊನೆಯ ಲೆಕ್ಕ, ಮಾಲ್ದಾರೆಯ ಆನೆ

ಮಾರ್ಚ್ ಕೊನೆಯ ವಾರ ಅಂದ್ರೆ ನಮ್ಮಂಥ ಆಡಿಟ್ ಆಫೀಸಿನವರಿಗೆ ಊಟ, ನಿದ್ದೆ ಎರಡೂ ಇರುವುದಿಲ್ಲ. ಕೊಡಗಿನ ಗೋಣಿಕೊಪ್ಪದ ನಮ್ಮ ಆಫೀಸಿಗೆ ಬರುವ ಫೈಲುಗಳಲ್ಲಿ ಮುಕ್ಕಾಲು ಪಾಲು ಕಾಫಿ ತೋಟದವರದ್ದು. ಉಳಿದದ್ದು ಅಂಗಡಿ, ಹೋಂಸ್ಟೇ, ಒಂದೆರಡು ಸೊಸೈಟಿ. ಇವುಗಳ ಮಧ್ಯೆ ಒಂದು ತೆಳ್ಳನೆ ಫೈಲು, ಕಾಡುಪ್ರಾಣಿಗಳ ಬಗ್ಗೆ ಅಧ್ಯಯನ ಮಾಡುವ ಪುಟ್ಟ ಟ್ರಸ್ಟ್ ಒಂದರದ್ದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವೋಚರ್‌ಗಳು ಅರ್ಧಂಬರ್ಧ ಬಂದಿದ್ದವು. "ಫೋನಿನಲ್ಲಿ ಕೇಳಿ ಸಾಕಾಯ್ತು, ನೀನೇ ಹೋಗಿ ಕೂತು ಮುಗಿಸ್ಕೊಂಡು ಬಾ" ಅಂತ ಸರ್ ನನ್ನನ್ನು ತಿತಿಮತಿ ಕಡೆ ಕಳಿಸಿದರು.

ಆಫೀಸು ಅಂದ್ರೆ ಬಾಡಿಗೆ ಮನೆಯೊಂದರ ಮುಂದಿನ ಕೋಣೆ. ಗೋಡೆಯಲ್ಲಿ ಒಂದು ಮ್ಯಾಪು, ಮೂಲೆಯಲ್ಲಿ ಗೋಣಿಚೀಲದ ತುಂಬ ಖಾಲಿಯಾದ ಬ್ಯಾಟರಿ. ಟ್ರಸ್ಟ್ ಕಟ್ಟಿದವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವರು, ಆವತ್ತು ಯಾವುದೋ ಕಂಪನಿಯ ಬಾಗಿಲು ತಟ್ಟಲು ಬೆಂಗಳೂರಿಗೆ ಹೋಗಿದ್ದರು. ಆಫೀಸಿನಲ್ಲಿದ್ದವರು ಅಕ್ಕ ಒಬ್ಬರೇ. ಎಲ್ಲರೂ ಹಾಗೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಿಂದೆ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಈಗ ಇಲ್ಲಿ ಲೆಕ್ಕ, ಫೋನು, ಪತ್ರ, ಜಗಳ ಎಲ್ಲ ಇವರದ್ದೇ.

ವೋಚರ್ ಕಟ್ಟು ಬಿಚ್ಚಿದೆ. "ಜೀಪ್ ತಳ್ಳಿದವರಿಗೆ ಚಹಾ." "ಕ್ಯಾಮೆರಾ ಕಟ್ಟಲು ಸೈಕಲ್ ಟ್ಯೂಬ್." "ಮೊಬೈಲ್ ರೀಚಾರ್ಜ್." ಮತ್ತೆ "ಮೊಬೈಲ್ ರೀಚಾರ್ಜ್." ನಾನು ಅಕ್ಕನ ಮುಖ ನೋಡಿದೆ. "ಎಷ್ಟು ಸಿಮ್ ಇದೆ ಅಕ್ಕ ನಿಮ್ಮ ಹತ್ರ?" ಅಂದೆ. "ಮಾಲ್ದಾರೆ ಕಡೆ ಒಂದು ಸಿಗಲ್ಲ, ಇತ್ಲಾಗೆ ಇನ್ನೊಂದು ಸಿಗಲ್ಲ. ಆನೆಗೆ ಟವರ್ ಬೇಡ, ನಮಗೆ ಬೇಕಲ್ಲ" ಅಂದರು. ಸರಿ ಅಂತ ಬರೆದುಕೊಂಡೆ. ಆದ್ರೆ ಅದನ್ನು ಯಾವ ತಲೆಬರಹದ ಕೆಳಗೆ ಹಾಕುವುದು? ದಾನಿಗಳು ಕೊಟ್ಟ ಫಾರ್ಮ್ಯಾಟಿನಲ್ಲಿ ಫೋನು ಅಂದ್ರೆ 'ಆಡಳಿತ ವೆಚ್ಚ'. ಅದಕ್ಕೆ ಮಿತಿ ಇದೆ. ಕ್ಯಾಮೆರಾ ಅಂದ್ರೆ 'ಯೋಜನಾ ವೆಚ್ಚ'. ಅದಕ್ಕೆ ಎಷ್ಟು ಬೇಕಾದ್ರೂ ಕೊಡುತ್ತಾರೆ. ಆ ಕ್ಯಾಮೆರಾದ ಬ್ಯಾಟರಿ ಬದಲಿಸಲು ಕಾಡಿಗೆ ನಡೆದು ಹೋಗುವವನ ಸಂಬಳ ಅಂದ ಕೂಡಲೇ ಮಾತ್ರ ಎಲ್ಲರೂ ಕೆಮ್ಮಲು ಶುರು ಮಾಡುತ್ತಾರೆ.

ದೊಡ್ಡ ಸಂಸ್ಥೆಗಳ ಹೆಸರು ನಿಮಗೆ ಗೊತ್ತಿರುತ್ತದೆ. ಇಲ್ಲೇ ಪಕ್ಕದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಹುಲಿ ಎಣಿಸುವ ಕ್ರಮವನ್ನು ಬೆಳೆಸಿದರು. ಅವರು 1984ರಲ್ಲಿ ಶುರು ಮಾಡಿದ ಸಂಸ್ಥೆ 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ 'ವೈಲ್ಡ್ ಸೇವೆ' ಅಂತ ನಡೆಸುತ್ತಿದೆ. ಬೆಳೆ ಹಾಳಾದರೆ ಉಚಿತ ನಂಬರಿಗೆ ಫೋನ್ ಮಾಡಿದರಾಯ್ತು, ಅವರೇ ಬಂದು ಪರಿಹಾರದ ಅರ್ಜಿ ಬರೆಸುತ್ತಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆ ಎಲ್ಲಿದೆ ಅಂತ ಟೀ ತೋಟದವರಿಗೆ ಮೆಸೇಜ್ ಕಳಿಸುವ ವ್ಯವಸ್ಥೆ ಮಾಡಿದರು, ಆಮೇಲೆ ನಮ್ಮ ಹಾಸನದ ಕಡೆಗೂ ಅದು ಬಂತು. ಅಕ್ಕ ಮತ್ತವರ ಜೊತೆಯವರು ಮಾಡುವುದು ಇದನ್ನೇ, ಆದ್ರೆ ಒಂದು ಜೀಪು ಮತ್ತು ನಾಲ್ಕು ಜನರ ಅಳತೆಯಲ್ಲಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅಂತ ನನ್ನ ಅಭಿಪ್ರಾಯ. ಒಳ್ಳೆ ಯೋಚನೆ ಯಾರದ್ದಾದ್ರೆ ಏನು, ನಡೆಸಿಕೊಂಡು ಹೋಗುವವರು ಬೇಕು.

ಹತ್ತೂವರೆಗೆ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಬೇಕಾದ ಅಗತ್ಯವೇ ಇರಲಿಲ್ಲ, ಆ ಕಡೆಯವರ ಗಂಟಲು ನನಗೂ ಕೇಳುತ್ತಿತ್ತು. "ನಿಮ್ಮ ಆನೆ ಬಂದು ನನ್ನ ತೋಟ ಎಲ್ಲ ತುಳಿದು ಹಾಕಿದೆ, ಬಂದು ಕರ್ಕೊಂಡು ಹೋಗಿ!" ಅಕ್ಕ ಹತ್ತು ಸಲ "ಹೂಂ ಅಂಕಲ್" ಅಂದು ಫೋನ್ ಇಟ್ಟು, "ಬಾ, ನೀನೂ ನೋಡು, ಜೀಪಿನ ಡೀಸೆಲ್ ಎಲ್ಲಿ ಹೋಗ್ತದೆ ಅಂತ ಕೇಳ್ತಿದ್ದೆಯಲ್ಲ" ಅಂದರು. ಲ್ಯಾಪ್‌ಟಾಪ್ ಮುಚ್ಚಿ ಹೊರಟೆ.

ಜೀಪಿನಲ್ಲಿ ಡ್ರೈವರಣ್ಣ, ಅಕ್ಕ, ನಾನು. ದಾರಿಯಲ್ಲಿ ಹತ್ತಿಕೊಂಡವರು ಫೀಲ್ಡಿನ ಅಣ್ಣ. ಜೇನುಕುರುಬರು, ಅಪ್ಪ ಮತ್ತಿಗೋಡು ಆನೆ ಶಿಬಿರದಲ್ಲಿ ಕಾವಾಡಿ ಆಗಿದ್ದವರು. ಮಾತು ಕಮ್ಮಿ. ಹೂಮಳೆ ಬಿದ್ದು ಒಂದು ವಾರ ಆಗಿತ್ತು, ರೋಬಸ್ಟಾ ಹೂವಿನ ವಾಸನೆ ಜೀಪಿನ ಡೀಸೆಲ್ ವಾಸನೆಯನ್ನೂ ಮೀರಿ ಬರುತ್ತಿತ್ತು.

ಈ ಕಾಲದಲ್ಲಿ ಆನೆ ತೋಟಕ್ಕೆ ಯಾಕೆ ಬರ್ತದೆ ಅಂತ ಬೇರೆ ಜಿಲ್ಲೆಯವರು ಕೇಳಬಹುದು. ಕಾಡು ಒಣಗಿರುತ್ತದೆ. ತೋಟದಲ್ಲಿ ಕೆರೆ ಇದೆ, ಸ್ಪ್ರಿಂಕ್ಲರ್ ಓಡುತ್ತದೆ, ಮರದ ನೆರಳಿದೆ, ಬೈನೆ ಮರ ಇದೆ, ಇನ್ನು ಸ್ವಲ್ಪ ದಿನಕ್ಕೆ ಹಲಸು ಹಣ್ಣಾಗುತ್ತದೆ. ಕಾಫಿ ಹಣ್ಣನ್ನೂ ತಿನ್ನಲು ಕಲಿತಿವೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳು. ಅಷ್ಟೂ ಕಾಡಿನೊಳಗೇ ಇರಬೇಕು ಅಂದ್ರೆ ಆಗುವ ಮಾತಾ? ಕಂದಕ ತೋಡಿದರು, ಮಳೆಗೆ ಮಣ್ಣು ಕುಸಿದು ಮುಚ್ಚಿತು. ಸೋಲಾರ್ ಬೇಲಿ ಹಾಕಿದರು, ಆನೆ ಒಣ ಮರ ಬೀಳಿಸಿ ತಂತಿ ದಾಟಿತು. ರೈಲು ಹಳಿಯ ಬೇಲಿ ಬಂತು. ಅದು ಇರುವ ಕಡೆ ಪರವಾಗಿಲ್ಲ, ಆದ್ರೆ ಅದು ಮುಗಿಯುವ ಜಾಗ ಎಲ್ಲಿ ಅಂತ ಆನೆಗೆ ನಮಗಿಂತ ಚೆನ್ನಾಗಿ ಗೊತ್ತು.

ತೋಟ ತಲುಪಿದಾಗ ಅಂಕಲ್ ಗೇಟಿನಲ್ಲೇ ನಿಂತಿದ್ದರು. ಎಂಬತ್ತರ ಹತ್ತಿರ ಇರಬಹುದು. ಕಾಲು ಗಂಟೆ ಬೈದರು. ಇಲಾಖೆಗೆ, ಸರಕಾರಕ್ಕೆ, ಆನೆಗೆ, ಕೊನೆಗೆ ಜೀಪಿನ ಮೇಲೆ ಬರೆದಿದ್ದ ಟ್ರಸ್ಟಿನ ಹೆಸರಿಗೆ. "ದುಡ್ಡು ಮಾಡ್ಲಿಕ್ಕೆ ಆನೆ ಸಾಕ್ತೀರಿ ನೀವು" ಅಂದರು. ನನಗೆ ಸಿಟ್ಟು ಬಂತು. ಟ್ರಸ್ಟಿನ ಬ್ಯಾಂಕ್ ಪಾಸ್‌ಬುಕ್ ಬೆಳಗ್ಗೆ ತಾನೇ ನೋಡಿದವಳು ನಾನು. ಅಕ್ಕ ಮಾತ್ರ ಒಂದು ಮಾತೂ ಎದುರಾಡಲಿಲ್ಲ. ಬೈಗುಳ ಮುಗಿದ ಮೇಲೆ "ಆಂಟಿಯ ಮಂಡಿನೋವು ಹೇಗಿದೆ ಈಗ?" ಅಂತ ಕೇಳಿದರು. ಐದು ನಿಮಿಷದಲ್ಲಿ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಆಮೇಲೆ ಜೀಪಿನಲ್ಲಿ ಅಕ್ಕ ಹೇಳಿದ್ದು, "ಅವ್ರು ಬೈಯದೆ ಇನ್ಯಾರಿಗೆ ಬೈಬೇಕು? ಆನೆಗೆ ಬೈದ್ರೆ ಕೇಳ್ತದಾ? ನಮಗೆ ಬೈದು ಸಮಾಧಾನ ಆದ್ರೆ ರಾತ್ರಿ ಬಂದೂಕು ತೆಗೆಯೋದು ತಪ್ಪುತ್ತೆ."

ಕೆರೆಯ ಹತ್ತಿರ ಹೋದೆವು. ಸ್ಪ್ರಿಂಕ್ಲರ್ ಪೈಪು ನಾಲ್ಕೈದು ಕಡೆ ಅಪ್ಪಚ್ಚಿ. ಕಾಫಿ ಗಿಡಗಳು ಬುಡಸಮೇತ ವಾಲಿಕೊಂಡಿದ್ದವು, ಬಿಳಿ ಹೂವು ಇನ್ನೂ ಬಾಡಿರಲಿಲ್ಲ. ಫೀಲ್ಡಿನ ಅಣ್ಣ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಜೇಬಿನಿಂದ ಟೈಲರ್ ಟೇಪು ತೆಗೆದರು. ಮುಂಗಾಲಿನ ಹೆಜ್ಜೆ ಹುಡುಕಿ ಅದರ ಸುತ್ತ ಟೇಪು ಇಟ್ಟರು, ಎಷ್ಟು ಬಂತೋ ಅದರ ಎರಡರಷ್ಟು ಆನೆಯ ಭುಜದ ಎತ್ತರ. ಸರಿಸುಮಾರು ನಾಲ್ಕೂವರೆ ಅಡಿ ಬಂತು. ಅಂದ್ರೆ ಒಂಬತ್ತು ಅಡಿ. "ಒಂಟಿ ಸಲಗ. ಓರೆ ಕೊಂಬ ಇರ್ಬೇಕು" ಅಂದರು. ಹೇಗೆ ಗೊತ್ತು ಅಂದಿದ್ದಕ್ಕೆ, ಸುಮ್ನೆ ಕೆರೆ ಏರಿಯ ಮಣ್ಣು ತೋರಿಸಿದರು. ದಂತ ಚುಚ್ಚಿದ ಗುರುತು, ಒಂದು ಆಳ, ಒಂದು ಮೇಲ್ಮೇಲೆ. ಪಕ್ಕದಲ್ಲಿದ್ದ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿದರು. ಹುಲ್ಲು, ಬೈನೆ ನಾರು, ಅದರ ನಡುವೆ ಒಳಸಿಪ್ಪೆ ಸಮೇತ ಕಾಫಿ ಬೀಜ. ಕೊಯ್ಲು ಮುಗಿದ ಮೇಲೂ ಎಲ್ಲೋ ಗಿಡದಲ್ಲಿ ಉಳಿದಿದ್ದ ಹಣ್ಣು ಹುಡುಕಿ ತಿಂದಿದೆ ಮಹಾರಾಯ. ಪುಸ್ತಕದಲ್ಲಿ ದಿನಾಂಕ, ಜಾಗ, ಅಳತೆ ಬರೆದುಕೊಂಡರು. ಅಕ್ಷರ ಎಷ್ಟು ಚೆಂದ ಇತ್ತೆಂದರೆ ನಮ್ಮ ಆಫೀಸಿನಲ್ಲಿ ಒಬ್ಬರಿಗೂ ಆ ಕೈಬರಹ ಇಲ್ಲ.

ಹತ್ತಿರದ ಸಿಲ್ವರ್ ಮರಕ್ಕೆ ಮಂಡಿ ಎತ್ತರದಲ್ಲಿ ಒಂದು ಕ್ಯಾಮೆರಾ ಕಟ್ಟಿತ್ತು, ಅಂಕಲ್ ಒಪ್ಪಿಗೆ ಪಡೆದೇ ಕಟ್ಟಿದ್ದು. ಬಿಸಿಯಾದದ್ದೇನಾದ್ರೂ ಎದುರಿಗೆ ಅಲುಗಾಡಿದರೆ ತಾನಾಗೇ ಫೋಟೋ ತೆಗೆಯುವಂಥದ್ದು. ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೂ ಕ್ಲಿಕ್ಕು, ಹಾಗಾಗಿ ಕಾರ್ಡಿನ ತುಂಬ ಎಲೆಗಳೇ ಜಾಸ್ತಿ. ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿದರು. ಎಲೆ, ಎಲೆ, ನಾಯಿ, ಮುಳ್ಳುಹಂದಿ, ಸೌದೆ ಹೊತ್ತ ಇಬ್ಬರು ಹೆಂಗಸರು. ಫೀಲ್ಡಿನ ಅಣ್ಣ ಆ ಹೆಂಗಸರ ಫೋಟೋವನ್ನು ತಕ್ಷಣ ಅಳಿಸಿದರು. ಮನುಷ್ಯರ ಫೋಟೋ ಇಟ್ಟುಕೊಳ್ಳುವುದಿಲ್ಲ, ಅದು ಇವರ ನಿಯಮ. "ಇವತ್ತು ಸೌದೆ ಫೋಟೋ ಯಾರ ಕೈಗಾದ್ರೂ ಸಿಕ್ರೆ, ನಾಳೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ನಮ್ಮ ಜೊತೆ ಯಾರು ಮಾತಾಡ್ತಾರೆ?" ಅಂದರು. ಆಮೇಲೆ ಬೆಳಗಿನ ಜಾವದ ಒಂದು ಫೋಟೋದಲ್ಲಿ ಬರೀ ಬೂದು ಬಣ್ಣದ ಗೋಡೆ. ಆನೆಯ ಹೊಟ್ಟೆ. ಮುಂದಿನದರಲ್ಲಿ ಕೆಳಕ್ಕೆ ಬಾಗಿದ ಒಂದು ಕೊಂಬು. ಓರೆ ಕೊಂಬನೇ.

ನಿಜವಾದ ಕಷ್ಟ ಶುರುವಾದದ್ದು ಜಗಲಿಗೆ ವಾಪಸ್ ಬಂದ ಮೇಲೆ. ಪರಿಹಾರಕ್ಕೆ ಅರಣ್ಯ ಇಲಾಖೆಯ 'ಇ-ಪರಿಹಾರ' ಅನ್ನುವ ಆನ್ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹೋಗಬೇಕು. ಮುರಿದ ಗಿಡ ಎಣಿಸಬೇಕು, ಫೋಟೋ ಬೇಕು, ಆಧಾರ್, ಪಾಸ್‌ಬುಕ್, ಪಹಣಿ. ಅಂಕಲ್ ಒಳಗಿಂದ ಪಹಣಿ ತಂದರು. ಕೊಡಗಿನ ಜಮ್ಮ ಜಾಗದ ಕತೆ ನಿಮಗೆ ಗೊತ್ತಲ್ಲ, ಜಾಗ ಕುಟುಂಬದ್ದು, ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರು. ಇಲ್ಲಿ ಪಟ್ಟೇದಾರರು ಅಂಕಲ್‌ನ ದೊಡ್ಡಪ್ಪ. ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸತ್ತವರ ಹೆಸರಿನ ಪಹಣಿ, ಬದುಕಿರುವವರ ಪಾಸ್‌ಬುಕ್, ಎರಡೂ ತಾಳೆ ಆಗುವುದಿಲ್ಲ. ಕುಟುಂಬದವರೆಲ್ಲ ಒಪ್ಪಿ ಸಹಿ ಹಾಕಬೇಕು. ಒಬ್ಬರು ಮಡಿಕೇರಿಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇಬ್ಬರು ಮಾತು ಬಿಟ್ಟಿದ್ದಾರೆ. ಅಕ್ಕ ಅಲ್ಲೇ ಕೂತು ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. ಆನೆಗಳ ಸಂರಕ್ಷಣೆ ಅಂದ್ರೆ ದಾಯಾದಿಗಳನ್ನು ಫೋನಿನಲ್ಲಿ ರಾಜಿ ಮಾಡಿಸುವುದೂ ಹೌದು ಅಂತ ಯಾವ ಪ್ರಾಜೆಕ್ಟ್ ವರದಿಯಲ್ಲೂ ನಾನು ಓದಿಲ್ಲ.

ಬರುವಾಗ ಲೈನ್ ಮನೆಗಳ ಹತ್ತಿರ ಜೀಪು ನಿಲ್ಲಿಸಿದರು. ಇಲ್ಲಿ ಪಹಣಿಯ ತಾಪತ್ರಯ ಇಲ್ಲ, ಯಾಕಂದ್ರೆ ಜಾಗವೇ ಇಲ್ಲ. ಆನೆ ಗಿಡ ಮುರಿದರೆ ನಷ್ಟ ಸಾವ್ಕಾರ್ರದ್ದು, ಪರಿಹಾರವೂ ಅವರಿಗೆ. ಆದ್ರೆ ಬೆಳಗ್ಗೆ ಮಂಜಿನಲ್ಲಿ ಬುತ್ತಿ ಹಿಡಿದು ತೋಟಕ್ಕೆ ನಡೆದು ಹೋಗುವವರು ಇವರು, ತಿರುವಿನಲ್ಲಿ ಆನೆ ಎದುರಾಗುವುದು ಇವರಿಗೆ. ನಮ್ಮ ಪೇಪರಿನಲ್ಲಿ 'ಕಾಡಾನೆ ದಾಳಿಗೆ ಕಾರ್ಮಿಕ ಬಲಿ' ಅಂತ ಬರುತ್ತದಲ್ಲ, ಆ ಕಾರ್ಮಿಕರು. ಮೇಸ್ತ್ರಿಯ ಹೆಂಡತಿಗೆ ಅಕ್ಕ ಹೇಳಿದರು, "ನಾಳೆ ಕೆರೆ ದಾರಿ ಬೇಡ, ಮೇಲಿನ ರೋಡಲ್ಲಿ ಹೋಗ್ಲಿ ಎಲ್ರೂ. ಬೆಳಗ್ಗೆ ಫೋನ್ ಮಾಡ್ತೇನೆ." ವಾಟ್ಸಾಪ್ ಗುಂಪು ಇದೆ, ಸಂಜೆ ಅದಕ್ಕೂ ಹಾಕುತ್ತಾರೆ. ಆದ್ರೆ ಲೈನ್ ಮನೆಯ ಎಷ್ಟೋ ಜನರ ಹತ್ತಿರ ಇರುವುದು ಬಟನ್ ಫೋನು. ಅವರಿಗೆ ಕರೆಯೇ ಆಗಬೇಕು, ಅದೂ ಕೆಲಸಕ್ಕೆ ಹೊರಡುವ ಮೊದಲು. ದಿನಾ ಬೆಳಗ್ಗೆ ಐದೂವರೆಗೆ ಅಕ್ಕನ ಫೋನು ಶುರು. ರೀಚಾರ್ಜ್ ಎಲ್ಲಿ ಹೋಗುತ್ತದೆ ಅಂತ ಆಗ ಗೊತ್ತಾಯಿತು.

ಸಂಜೆ ಆಫೀಸಿಗೆ ಬಂದು ಮತ್ತೆ ಲೆಕ್ಕ ಹಿಡಿದೆ. ಒಬ್ಬರು ತೋಟದವರು ಐದು ಸಾವಿರ ನಗದು ಕೊಟ್ಟು ಆದಾಯ ತೆರಿಗೆ ರಿಯಾಯಿತಿಗೆ 80ಜಿ ರಸೀದಿ ಕೇಳಿದ್ದರು. ಎರಡು ಸಾವಿರದ ಮೇಲೆ ನಗದು ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ ಅಂತ ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಮೆರಿಕದಲ್ಲಿರುವ ಯಾರದೋ ಮಗ ಡಾಲರ್ ಕಳಿಸುತ್ತೇನೆ ಅಂದಿದ್ದನಂತೆ. ಅವನು ಅಲ್ಲಿನ ಪೌರತ್ವ ತೆಗೆದುಕೊಂಡವನು, ಅದು ವಿದೇಶಿ ದೇಣಿಗೆ ಆಗುತ್ತದೆ, ಅದಕ್ಕೆ ಎಫ್‌ಸಿಆರ್‌ಎ ಅನ್ನುವ ಕಾಯ್ದೆಯ ನೋಂದಣಿ ಬೇಕು. ಆ ನೋಂದಣಿಗೆ ಹಿಂದಿನ ಮೂರು ವರ್ಷದಲ್ಲಿ ಕಮ್ಮಿ ಅಂದ್ರೂ 15 ಲಕ್ಷ ಖರ್ಚು ಮಾಡಿರಬೇಕು ಅಂತ 2020ರ ನಿಯಮ. ದುಡ್ಡು ಇಲ್ಲದೆ ಖರ್ಚು ಮಾಡುವುದು ಹೇಗೆ, ಖರ್ಚು ಮಾಡದೆ ದುಡ್ಡು ಬರುವುದು ಹೇಗೆ. ಬೆಂಗಳೂರಿನಿಂದಲೂ ಫೋನ್ ಬಂತು. ಕಂಪನಿಯವರು ಹೊಸ ಕ್ಯಾಮೆರಾ ಕೊಡಲು ಒಪ್ಪಿದ್ದಾರಂತೆ, ಸಂಬಳಕ್ಕೆ ಮಾತ್ರ ಆಗಲ್ಲ ಅಂದರಂತೆ. "ಅಷ್ಟು ಕ್ಯಾಮೆರಾಗೆ ಕಾವಲಿರ್ಲಿಕ್ಕೆ ಓರೆ ಕೊಂಬನಿಗೇ ಸಂಬಳ ಕೊಡೋಣ" ಅಂದರು ಡ್ರೈವರಣ್ಣ. ಅವರಿಗೇ ಹಿಂದಿನ ತಿಂಗಳ ಸಂಬಳ ಬಾಕಿ ಇತ್ತು. ಅದನ್ನು ನಾನು ಕೊಡಬೇಕಾದ ಬಾಕಿಯ ಕಾಲಮ್ಮಿನಲ್ಲಿ ತೋರಿಸಬೇಕಾಯಿತು.

ಫೈಲು ಏಪ್ರಿಲ್‌ನಲ್ಲಿ ಸರ್ ಟೇಬಲ್ಲಿಗೆ ಹೋಯಿತು. ರೀಚಾರ್ಜ್ ಎಲ್ಲವನ್ನೂ ನಾನು ಯೋಜನಾ ವೆಚ್ಚಕ್ಕೆ ಹಾಕಿದ್ದೆ. ಇದೇನಮ್ಮ ಇದು, ಫೋನ್ ಬಿಲ್ಲು ಆಡಳಿತದಲ್ಲಿ ಬರಬೇಕಲ್ವಾ ಅಂತ ಸರ್ ಕನ್ನಡಕ ಮೇಲೆತ್ತಿದರು. ಅಕ್ಕನಿಂದ ತರಿಸಿಕೊಂಡಿದ್ದ ಕರೆಗಳ ಪಟ್ಟಿ ಮುಂದಿಟ್ಟೆ. ಎಲ್ಲ ಬೆಳಗ್ಗೆ ಐದೂವರೆಯಿಂದ ಏಳರ ಒಳಗೆ, ಯಾವ ತೋಟದ ಯಾವ ಮೇಸ್ತ್ರಿಗೆ ಅಂತ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದದ್ದು. ಸರ್ ಎರಡು ಹಾಳೆ ತಿರುವಿದರು. ಪಟ್ಟಿಯ ಒಂದು ಪ್ರತಿ ಫೈಲಿಗೆ ಸೇರಿಸು ಅಂದು ಸಹಿ ಹಾಕಿದರು.

ಅಂಕಲ್‌ನ ಪರಿಹಾರ ಇನ್ನೂ ಬಂದಿಲ್ಲ, ಬೆಂಗಳೂರಿನವರ ಸಹಿ ಒಂದು ಬಾಕಿ ಇದೆ.