ಎರರ್ ಓದುವ ಮೊದಲು ಡಿಸ್ಕ್ ತಿರುಗಿಸಿ ನೋಡಿ

ನನ್ನ ಮೇಜಿನ ಮೇಲೆ ಈಗ ಆರು ಹಾಳಾದ ಡಿವಿಡಿಗಳಿವೆ. ಡೇಟಾ ಬರೆಯುವ ಕೆಲಸ ಎಷ್ಟಕ್ಕೆ ನಿಂತಿತು ಎಂದು ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಒಂದು, ಎರಡು: 0%. ಮೂರು, ನಾಲ್ಕು: 31%. ಐದು: 92%. ಆರು: 95%. ಥೇಟ್ ಪರೀಕ್ಷೆಯ ಅಂಕಪಟ್ಟಿ. ಆದರೆ ಇಲ್ಲಿ 95 ಬಂದರೂ ಫೇಲೇ.

ಕೆಲಸ ದೊಡ್ಡದೇನಲ್ಲ. ಹಳೆಯ ಆಲ್ಬಮ್‌ಗಳ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದೆ. ಅದರದ್ದೊಂದು ಕಾಪಿ ಅಕ್ಕನಿಗೆ ಬೇಕಿತ್ತು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. "ಪೆನ್‌ಡ್ರೈವ್ ಅಂದ್ರೆ ಯಾರೋ ಇಸ್ಕೊಂಡು ಹೋಗ್ತಾರೆ, ಅಳಿಸಿ ಸಿನಿಮಾ ತುಂಬ್ತಾರೆ. ನಂಗೆ ಅಳಿಸೋಕೆ ಆಗದೇ ಇರೋ ಹಾಗೆ ಬೇಕು ಕಣೇ" ಅಂದಳು. ಯೋಚಿಸಿದರೆ ಅವಳ ಮಾತು ಸರಿಯೇ. ಡಿವಿಡಿ-ಆರ್ ಎಂದರೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್; ಬರೆದು ಮುಚ್ಚಿದ ಮೇಲೆ ಅದರಲ್ಲಿ ಯಾರೂ ಕೈತಪ್ಪಿಯೂ ಸಿನಿಮಾ ತುಂಬಲಾರರು. ಅವಳ ಹಳೆಯ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವ್ ಇದೆ. ನನ್ನ ಹತ್ತಿರ ಯುಎಸ್‌ಬಿಗೆ ಸಿಕ್ಕಿಸುವ ತೆಳ್ಳನೆಯ ಬರ್ನರ್, ಅಂದರೆ ಡಿಸ್ಕ್‌ಗೆ ಬರೆಯುವ ಡ್ರೈವ್, ಇದೆ. ಎಂದೋ ತಂದಿಟ್ಟ ಒಂದು ಡಬ್ಬಿ ಖಾಲಿ ಡಿಸ್ಕೂ ಇತ್ತು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ನಾಲ್ಕು ಸಂಜೆ ಹಿಡಿಯಿತು.

ಮೊದಲ ತೊಡಕು ಡಿಸ್ಕ್ ಹಾಕುವ ಮೊದಲೇ ಬಂತು. ಡಬ್ಬಿಯ ಮೇಲೆ 4.7 ಜಿಬಿ ಎಂದಿದೆ. ನನ್ನ ಫೋಲ್ಡರ್ 4.62 ಜಿಬಿ. ಹಿಡಿಸಬೇಕಲ್ವಾ? ಹಿಡಿಸಲ್ಲ. ಡಿಸ್ಕ್ ಮಾಡುವವರಿಗೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ ಲೆಕ್ಕದಲ್ಲಿ ಅದು 1024ರ ಗುಣಾಕಾರ, ಸುಮಾರು 107 ಕೋಟಿ ಬೈಟ್. ಆ ಅಳತೆಯಲ್ಲಿ ಡಿವಿಡಿಗೆ ಹಿಡಿಸುವುದು 4.38 ಮಾತ್ರ. ಸರಿ, 4.2 ಜಿಬಿ ಡಿವಿಡಿಗೆ, ಉಳಿದ 430 ಎಂಬಿ ಒಂದು ಸಿಡಿಗೆ ಎಂದು ಭಾಗ ಮಾಡಿದೆ. ಆ ಸಿಡಿಯ ಕಥೆ ಆಮೇಲೆ.

ಇನ್ನು ಆರು ಡಿಸ್ಕ್‌ಗಳ ವಿಷಯ. ಬರ್ನ್ ಕೈಕೊಟ್ಟಾಗ ನಾವೆಲ್ಲ ಮೊದಲು ಮಾಡುವುದು ಎರರ್ ಮೆಸೇಜನ್ನು ಹುಡುಕಲು ಕೂರುವುದು. ನಾನೂ ಅದನ್ನೇ ಮಾಡಿದೆ. ಒಂದೇ ಮೆಸೇಜಿಗೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ಎರಡನೇ ಸಂಜೆ ಬೇಸರಕ್ಕೆ ಡಿಸ್ಕನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸುತ್ತಾ ಕೂತಿದ್ದೆ. ಆಗ ಕಂಡಿದ್ದು ಉಂಗುರ.

ನೀವೂ ನೋಡಿ. ಡಿಸ್ಕ್ ಒಳಗಿರುವ ಬಣ್ಣದ ಪದರವನ್ನು ಲೇಸರ್ ಸುಟ್ಟು ಗುರುತು ಮಾಡುತ್ತದೆ. ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಬರೆಯುವುದು ಒಳಗಿನಿಂದ ಹೊರಗೆ. ಹಾಗಾಗಿ ಉಂಗುರ ಎಲ್ಲಿ ಮುಗಿದಿದೆಯೋ ಅಲ್ಲೇ ಕೆಲಸ ನಿಂತಿದೆ. ಅಗಲ ನೋಡಿ ಮೋಸಹೋಗಬೇಡಿ: ಹೊರಗಿನ ಸುತ್ತು ದೊಡ್ಡದು, ಅದರಲ್ಲಿ ಹಿಡಿಸುವುದೂ ಜಾಸ್ತಿ. ಅರ್ಧ ಅಗಲ ತುಂಬಿದಂತೆ ಕಂಡರೂ ಡೇಟಾ ಹೋಗಿರುವುದು 40% ಅಷ್ಟೇ.

ಒಂದು ಮತ್ತು ಎರಡರಲ್ಲಿ ಕಣ್ಣಿಗೆ ಕಾಣುವಂಥ ಉಂಗುರವೇ ಇಲ್ಲ. ಮೆಸೇಜು 'ಪವರ್ ಕ್ಯಾಲಿಬ್ರೇಶನ್ ಎರರ್'. ಬರೆಯಲು ಶುರು ಮಾಡುವ ಮೊದಲು ಡ್ರೈವ್ ಡಿಸ್ಕ್‌ನ ತೀರಾ ಒಳಗಿನ ಒಂದು ಜಾಗದಲ್ಲಿ ಲೇಸರನ್ನು ಹೆಚ್ಚು ಕಡಿಮೆ ಮಾಡಿ ಪರೀಕ್ಷಿಸುತ್ತದೆ, ನಾವು ಹೊಸ ಪೆನ್ನನ್ನು ಹಾಳೆಯ ಮೂಲೆಯಲ್ಲಿ ಗೀಚಿ ನೋಡುವ ಹಾಗೆ. ಆ ಗೀಚಾಟವೇ ಸರಿಹೋಗಲಿಲ್ಲ ಅಂತ ಅರ್ಥ. ಇಂಥ ಹೊತ್ತಿನಲ್ಲಿ ಎಲ್ಲರೂ ಡಿಸ್ಕನ್ನು ಬೈಯುತ್ತಾರೆ. ಡಿಸ್ಕೇ ಕಾರಣ ಇರಬಹುದು, ಲೆನ್ಸ್ ಮೇಲೆ ಧೂಳೂ ಇರಬಹುದು. ನನ್ನಲ್ಲಿ ಎರಡೂ ಅಲ್ಲ. ಬರ್ನರನ್ನು ಒಂದು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದೆ. ಅದೇ ಹಬ್‌ನಲ್ಲಿ ಕೀಬೋರ್ಡು, ಅದೇ ಹಬ್‌ನಲ್ಲಿ ಹೊರಗಿನ ಹಾರ್ಡ್ ಡಿಸ್ಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 500 ಮಿಲಿಆಂಪಿಯರ್. ಅದನ್ನು ಮೂರು ಜನ ಹಂಚಿಕೊಂಡು ತಿನ್ನುತ್ತಿದ್ದರು. ಓದುವಾಗ ಲೇಸರ್‌ಗೆ ಬೇಕಾಗುವುದು ಅತಿ ಕಡಿಮೆ ಶಕ್ತಿ, ಬರೆಯುವಾಗ ಅದರ ಹತ್ತಾರು ಪಟ್ಟು. ಅದಕ್ಕೇ ಹಳೆಯ ಡಿಸ್ಕ್‌ಗಳೆಲ್ಲ ಚೆನ್ನಾಗಿ ಓದುತ್ತಿದ್ದವು, ಡ್ರೈವ್ ಗಟ್ಟಿಮುಟ್ಟಾಗಿದೆ ಎಂದು ನಾನೂ ನಂಬಿದ್ದೆ. ಬರ್ನರ್ ಜೊತೆ ಬಂದಿದ್ದ ಎರಡು ತಲೆಯ ಕೇಬಲ್ ಡ್ರಾಯರಿನಲ್ಲಿ ಬಿದ್ದಿತ್ತು. ಅದರ ಎರಡೂ ತಲೆಗಳನ್ನು ನೇರವಾಗಿ ಕಂಪ್ಯೂಟರಿನ ಹಿಂದಿನ ಪೋರ್ಟ್‌ಗಳಿಗೆ ಸಿಕ್ಕಿಸಿದೆ. ಆಮೇಲೆ ಆ ಮೆಸೇಜ್ ಬಂದಿಲ್ಲ.

ಮೂರನೆಯದು 31ಕ್ಕೆ ನಿಂತಿತು. ಕಂಪ್ಯೂಟರ್ ನಿದ್ದೆಗೆ ಹೋಯಿತೇನೋ ಎಂದು ಸ್ಲೀಪ್ ಆಫ್ ಮಾಡಿದೆ. ವೇಗ ಇಳಿಸಿದೆ. ಆಂಟಿವೈರಸ್‌ಗೂ ರಜೆ ಕೊಟ್ಟೆ. ಒಂದೇ ಸಲಕ್ಕೆ ಮೂರು ಬದಲಾವಣೆ ಮಾಡುವುದು ಪೆದ್ದುತನ, ಗೊತ್ತು, ಆದರೆ ರಾತ್ರಿ ಹನ್ನೊಂದೂವರೆಗೆ ಯಾರಿಗೆ ತಾಳ್ಮೆ ಇರುತ್ತದೆ? ನಾಲ್ಕನೆಯದೂ 31ಕ್ಕೇ ನಿಂತಿತು.

ಎರಡನ್ನೂ ಒಂದರ ಮೇಲೊಂದು ಸ್ವಲ್ಪ ಸರಿಸಿ ಹಿಡಿದು ನೋಡಿದೆ. ಉಂಗುರ ಎರಡರಲ್ಲೂ ಒಂದೇ ಅಗಲ. ಸ್ಕೇಲ್ ಇಟ್ಟು ಅಳೆದೆ, ಹದಿಮೂರು ಹದಿನಾಲ್ಕು ಮಿಲಿಮೀಟರ್. ಆಗ ತಲೆಗೆ ಹೊಳೆಯಿತು. ಡಿಸ್ಕ್ ಕೆಟ್ಟದ್ದಾಗಿದ್ದರೆ ಒಂದೊಂದು ಒಂದೊಂದು ಕಡೆ ಕೆಡಬೇಕು. ಎರಡು ಬೇರೆ ಬೇರೆ ಡಿಸ್ಕ್‌ಗಳು, ಎರಡು ಬೇರೆ ವೇಗ, ಆದರೂ ನಿಂತಿದ್ದು ಒಂದೇ ಜಾಗದಲ್ಲಿ. ಎಂದರೆ ತಪ್ಪು ಬರೆಯುವ ಕಡೆ ಇಲ್ಲ, ಬರೆಯಲು ಕೊಡುತ್ತಿರುವ ಕಡೆ ಇದೆ.

ಹಾಗಾಗಿ ನೇರವಾಗಿ ಬರ್ನ್ ಮಾಡುವುದನ್ನು ಬಿಟ್ಟೆ. ಮೊದಲು ಐಎಸ್ಒ ಇಮೇಜ್ ಮಾಡು ಎಂದು ಪ್ರೋಗ್ರಾಮಿಗೆ ಹೇಳಿದೆ. ಅಂದರೆ ಡಿಸ್ಕ್‌ಗೆ ಹೋಗಬೇಕಾದ್ದನ್ನೆಲ್ಲ ಮೊದಲು ಕಂಪ್ಯೂಟರಿನಲ್ಲೇ ಒಂದು ದೊಡ್ಡ ಫೈಲಾಗಿ ಕಟ್ಟುವುದು. ಇದಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಅಷ್ಟೇ ಜಾಗ ಬೇಕು, ಆದರೆ ಒಂದೂ ಡಿಸ್ಕ್ ಹಾಳಾಗುವುದಿಲ್ಲ. ಇಮೇಜ್ ಕಟ್ಟುವ ಕೆಲಸವೂ ಸುಮಾರು ಮೂರನೇ ಒಂದು ಭಾಗಕ್ಕೆ ಬಂದು ನಿಂತಿತು. ಈ ಸಲ ಫೈಲಿನ ಹೆಸರನ್ನೂ ಹೇಳಿತು. ಅಜ್ಜಿ ಹಿತ್ತಿಲಿನಲ್ಲಿ ನಿಂತಿರುವ ಒಂದು ಫೋಟೋ. ತೆರೆಯಲು ಹೋದರೆ ಅರ್ಧ ಬಂದು ಕೆಳಗೆಲ್ಲ ಬೂದು ಬಣ್ಣ. ಫೋಟೋಗಳಿದ್ದ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಆ ಜಾಗವೇ ಕೆಟ್ಟುಹೋಗಿತ್ತು.

ಒಂದು ಕ್ಷಣ ಕೈಕಾಲು ಆಡಲಿಲ್ಲ. ಡಿವಿಡಿ ಹಾಳಾಯಿತು ಎಂದು ಎರಡು ದಿನದಿಂದ ಗೊಣಗುತ್ತಿದ್ದೆ. ನಿಜವಾಗಿ ಸಾಯುತ್ತಿದ್ದದ್ದು ಹಾರ್ಡ್ ಡಿಸ್ಕು. ಬರ್ನ್ ಕೆಲಸವನ್ನು ಅಲ್ಲೇ ಬಿಟ್ಟು, ಅದರಲ್ಲಿದ್ದ ಎಲ್ಲವನ್ನೂ ಬೇರೆ ಕಡೆಗೆ ಕಾಪಿ ಮಾಡಿಕೊಂಡೆ. ಒಟ್ಟು ಮೂರು ಫೈಲ್ ಓದಲಾಗಲಿಲ್ಲ. ಮೂರರ ಪ್ರಿಂಟೂ ಆಲ್ಬಮ್‌ನಲ್ಲಿ ಇದ್ದವು, ಮತ್ತೆ ಸ್ಕ್ಯಾನ್ ಮಾಡಿದೆ. ಅಕ್ಕ ಡಿಸ್ಕೇ ಬೇಕು ಎಂದು ಹಟ ಹಿಡಿಯದಿದ್ದರೆ ಇದು ಎಂದು ಗೊತ್ತಾಗುತ್ತಿತ್ತೋ ಏನೋ.

ಇಮೇಜ್ ಕಟ್ಟಿದ ಮೇಲೆ ಅದನ್ನು ಮೌಂಟ್ ಮಾಡಿ, ಅಂದರೆ ನಿಜವಾದ ಡಿಸ್ಕ್ ಹಾಕಿದ ಹಾಗೆ ತೆರೆದು, ಒಮ್ಮೆ ಕಣ್ಣಾಡಿಸಿದ್ದು ಒಳ್ಳೆಯದಾಯಿತು. ಕೆಲವು ಫೈಲ್‌ಗಳ ಹೆಸರಿನ ಬಾಲ ತುಂಡಾಗಿತ್ತು. ನಾನು ಫೈಲ್‌ಗಳಿಗೆ ಕನ್ನಡದಲ್ಲೇ ಉದ್ದುದ್ದ ಹೆಸರು ಇಡುವವಳು. ಡಿಸ್ಕ್‌ನ ಮೂಲ ಪದ್ಧತಿ ಐಎಸ್ಒ 9660, ಅದಕ್ಕೆ ಕನ್ನಡ ಬರುವುದಿಲ್ಲ. ಅದರ ಮೇಲೆ ಕೂರಿಸಿದ ಜೋಲಿಯೆಟ್‌ಗೆ ಬರುತ್ತದೆ, ಆದರೆ ಹೆಸರಿಗೆ 64 ಅಕ್ಷರದ ಮಿತಿ. ಅಷ್ಟು ಸಾಲದೇ ಎಂದು ಕೇಳಬಹುದು. 'ಅಜ್ಜಿ ಮತ್ತು ಮೊಮ್ಮಕ್ಕಳು' ಎಂಬುದನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎಂಟೇ ಅಕ್ಷರ. ಕಂಪ್ಯೂಟರ್ ಒತ್ತು, ಗುಣಿತ, ವಿರಾಮ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ನಡುವಿನ ಎರಡು ಖಾಲಿ ಜಾಗ ಸೇರಿ 22 ಆಯಿತು! 'ಶ್ರೀ' ಒಂದೇ ನಾಲ್ಕು ತಿನ್ನುತ್ತದೆ. ಇಂಗ್ಲಿಷ್‌ನವರಿಗೆ ಧಾರಾಳ ಅನ್ನಿಸುವ ಮಿತಿ ನಮಗೆ ಇಕ್ಕಟ್ಟು. ಯುಡಿಎಫ್ ಎಂಬ ಇನ್ನೊಂದು ಪದ್ಧತಿ ಆರಿಸಿದರೆ ಇದರ ಸುಮಾರು ಎರಡರಷ್ಟು ಜಾಗ ಸಿಗುತ್ತದೆ. ಅಕ್ಕನ ಹಳೆಯ ಕಂಪ್ಯೂಟರ್ ಏನನ್ನುತ್ತದೋ ಎಂದು ನಾನು ಸುಮ್ನೆ ಹೆಸರುಗಳನ್ನೇ ಚಿಕ್ಕದು ಮಾಡಿದೆ.

ಇಷ್ಟಾದ ಮೇಲೂ ಐದನೆಯದು 92ಕ್ಕೆ ಸತ್ತಿತು. ಆರನೆಯದು 95ಕ್ಕೆ. ಈ ಎರಡನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುಗಿಯಲು ಒಂದೆರಡು ಮಿಲಿಮೀಟರ್ ಬಾಕಿ.

ಈ ಸಲ ಜಾಗ ಒಂದೇ ಅಲ್ಲ, ಆದರೆ ಎರಡೂ ಹೊರ ಅಂಚಿನಲ್ಲಿ. ಇದು ಡಿಸ್ಕ್‌ನದೇ ಕಾಯಿಲೆ. ಬಣ್ಣದ ಪದರ ಅಂಚಿನಲ್ಲಿ ಸಮನಾಗಿ ಕೂರದೇ ಇರಬಹುದು. ಬೆರಳಿನ ಗುರುತು ಬೀಳುವುದೂ ಅಲ್ಲೇ, ಡಿಸ್ಕ್ ಸೊಟ್ಟಗಾದರೆ ಹೆಚ್ಚು ಕುಣಿಯುವುದೂ ಅಲ್ಲೇ. ಸಾಲದ್ದಕ್ಕೆ ವೇಗ ಜಾಸ್ತಿ ಇರುವುದೂ ಅಲ್ಲೇ. ದೊಡ್ಡ ಡ್ರೈವ್‌ಗಳಲ್ಲಿ '16x' ಎಂದರೆ, ಅಂದರೆ ಮೂಲ ವೇಗದ ಹದಿನಾರು ಪಟ್ಟು ಎಂದರೆ, ಮೊದಲಿನಿಂದ ಕೊನೆಯವರೆಗೂ ಹದಿನಾರು ಎಂದುಕೊಳ್ಳಬೇಡಿ. ಡಿಸ್ಕ್ ತಿರುಗುವ ವೇಗ ಒಂದೇ ಇರುವುದರಿಂದ ಒಳಗೆ ಆರೂವರೆಯಷ್ಟರಲ್ಲಿ ಶುರುವಾಗಿ, ಹೊರ ಅಂಚಿಗೆ ಬಂದಾಗಷ್ಟೇ ಹದಿನಾರು ಮುಟ್ಟುತ್ತದೆ. ನನ್ನ ತೆಳ್ಳನೆಯ ಬರ್ನರ್‌ಗೆ ಎಂಟೇ ಗರಿಷ್ಠ, ಕಥೆ ಮಾತ್ರ ಅದೇ. ಎಲ್ಲಿ ಡಿಸ್ಕ್ ದುರ್ಬಲವೋ ಅಲ್ಲೇ ಓಟ ಜೋರು.

ವೇಗವನ್ನು 4xಗೆ ಇಳಿಸಿದೆ. ಹಾಗೆಂದು ತೀರಾ ಕೆಳಗೆ, ಒಂದಕ್ಕೋ ಎರಡಕ್ಕೋ ಇಳಿಸಿದರೆ ಇನ್ನೂ ಒಳ್ಳೆಯದು ಎಂಬ ಹಳೆಯ ನಂಬಿಕೆ ಇದೆಯಲ್ಲ, ಅದು ಸರಿಯಲ್ಲ. ಹೆಚ್ಚಿನ ವೇಗಕ್ಕೆಂದು ಮಾಡಿದ ಡಿಸ್ಕ್‌ಗಳು ತೀರಾ ನಿಧಾನಕ್ಕೆ ಬರೆದರೆ ಕೆಲವೊಮ್ಮೆ ಕೆಟ್ಟದಾಗಿಯೇ ಬರುತ್ತವೆ. ಯಾವ ಡಿಸ್ಕ್‌ಗೆ ಹೇಗೆ ಬರೆಯಬೇಕೆಂಬ ಲೆಕ್ಕ ಡ್ರೈವ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಅದರೊಳಗೇ ಕೂತ ಪ್ರೋಗ್ರಾಮಿನಲ್ಲಿ, ಇರುತ್ತದೆ. ಡಿಸ್ಕ್ ತನ್ನ ಒಳಸುತ್ತಿನಲ್ಲಿ ಇಟ್ಟುಕೊಂಡ ಗುರುತಿನ ಕೋಡ್ ನೋಡಿ ಡ್ರೈವ್ ಅದನ್ನು ಆರಿಸುತ್ತದೆ. ಡಬ್ಬಿಯ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಕೋಡ್ ಬೇರೆ ಇರಬಹುದು. ಇಮ್ಗ್‌ಬರ್ನ್‌ನಂಥ ಪ್ರೋಗ್ರಾಮ್ ಆ ಕೋಡನ್ನು ತೋರಿಸುತ್ತದೆ. ಇನ್ನೊಂದು ಡಬ್ಬಿಯಲ್ಲಿ ಉಳಿದಿದ್ದ ಎರಡು ಡಿಸ್ಕ್‌ಗಳ ಕೋಡ್ ಬೇರೆಯೇ ಇತ್ತು. ಅದರಲ್ಲೊಂದನ್ನು ಅಂಚು ಹಿಡಿದು ಎತ್ತಿ ಒಳಗಿಟ್ಟೆ. ಹದಿನೈದು ನಿಮಿಷದಲ್ಲಿ ಮುಗಿಯಿತು. ಬರೆದದ್ದು ಸರಿಯಿದೆಯೇ ಎಂದು ಅದೇ ಡ್ರೈವ್ ಓದಿ ನೋಡುವ ವೆರಿಫೈಗೆ ಹಾಕಿದೆ, ಅದೂ ಸರಿ. ನಂಬಿಕೆ ಬರದೆ ಇನ್ನೊಂದು ಕಂಪ್ಯೂಟರಿನಲ್ಲೂ ಹಾಕಿ ಎಲ್ಲ ಫೋಟೋ ಕಾಪಿ ಮಾಡಿ ನೋಡಿದೆ. ಬರೆದ ಡ್ರೈವೇ ಓದಿ 'ಚೆನ್ನಾಗಿದೆ' ಅನ್ನುವುದು ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಟ್ಟುಕೊಂಡ ಹಾಗೆ.

ಇನ್ನು ಸಿಡಿ. ಡಿವಿಡಿ ಗೆದ್ದ ಗತ್ತಿನಲ್ಲಿ ಇದನ್ನು ವಿಂಡೋಸ್‌ನಲ್ಲೇ ಎಳೆದು ಹಾಕಿ ಮುಗಿಸೋಣ ಎಂದುಕೊಂಡೆ. ಖಾಲಿ ಡಿಸ್ಕ್ ಹಾಕಿದರೆ ಅದು ಕೇಳುತ್ತದೆ: ಯುಎಸ್‌ಬಿ ಡ್ರೈವ್ ತರಹ ಬಳಸುತ್ತೀರಾ, ಸಿಡಿ/ಡಿವಿಡಿ ಪ್ಲೇಯರ್‌ಗಾ? ಮೊದಲನೆಯದನ್ನೇ ಒತ್ತಿದೆ. ಆ ಬಗೆಯಲ್ಲಿ ಡಿಸ್ಕ್ ತೆರೆದೇ ಇರುತ್ತದೆ. ಹೊರತೆಗೆಯುವಾಗ ಸೆಷನ್, ಅಂದರೆ ಆ ಸಲ ಬರೆದ ಭಾಗವನ್ನು, ಮುಚ್ಚಬೇಕು, ಆಗಲೇ ಬೇರೆ ಕಂಪ್ಯೂಟರ್‌ಗಳಿಗೆ ಅದು ಕಾಣುವುದು. ವಿಂಡೋಸ್ ಮುಚ್ಚುತ್ತಲೂ ಇತ್ತು ಪಾಪ. ನಾನು ಕಾಯದೆ ಕೇಬಲ್ ಕಿತ್ತೆ.

ಮೂರು ದಿನದ ಮೇಲೆ ಅಕ್ಕನ ಫೋನ್. "ದೊಡ್ಡದು ಚೆನ್ನಾಗಿದೆ. ಇನ್ನೊಂದರಲ್ಲಿ ಏನೂ ಇಲ್ಲ ಕಣೇ, ಖಾಲಿ."

"ಖಾಲಿ ಇಲ್ಲ ಅಕ್ಕಾ. ತಿರುಗಿಸಿ ನೋಡು, ಉಂಗುರ ಕಾಣತ್ತಾ?"

"ಕಾಣತ್ತೆ."

"ಹಾಗಾದ್ರೆ ಫೋಟೋ ಅದರಲ್ಲೇ ಇವೆ. ವಾಪಸ್ ಕಳಿಸು."

ಬಂದ ಸಿಡಿಯನ್ನು ಬರೆದ ಡ್ರೈವ್‌ನಲ್ಲೇ ಹಾಕಿ, ರೈಟ್ ಕ್ಲಿಕ್ ಮಾಡಿ, 'ಕ್ಲೋಸ್ ಸೆಷನ್' ಒತ್ತಿದೆ. ಈ ಸಲ ಕೈಕಟ್ಟಿ ಕೂತೆ. ಫೋಟೋಗಳು ಕಂಡವು. ಕಳಿಸಿದೆ.

ಮುಂದಿನ ವಾರ ಮತ್ತೆ ಫೋನ್. ಮೊದಲು ಓದುತ್ತಿತ್ತಂತೆ, ಈಗ ಕೆಲವು ಫೋಟೋ ತೆರೆಯುತ್ತಿಲ್ಲವಂತೆ. ಏನು ಮಾಡಿದೆ ಎಂದು ಕೇಳಿದೆ. ಏನೂ ಮಾಡಿಲ್ಲ ಎಂದಳು. ಆಮೇಲೆ ಮೆಲ್ಲಗೆ, "ಮೇಲೆ ಹೆಸರು ಬರೆದೆ ಅಷ್ಟೇ. ಬಾಲ್ ಪೆನ್ನು. ಮೂಡ್ತಾ ಇರಲಿಲ್ಲ, ಸ್ವಲ್ಪ ಒತ್ತಿದೆ."

ಡಿವಿಡಿ ಆಗಿದ್ದರೆ ಬಚಾವ್ ಆಗುತ್ತಿತ್ತೇನೋ. ಅದರಲ್ಲಿ ಡೇಟಾ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ. ಸಿಡಿಯಲ್ಲಿ ಹಾಗಲ್ಲ. ನಾವು ಜೋಪಾನ ಮಾಡುವ ಹೊಳೆಯುವ ಬದಿಯಲ್ಲಿ ಮಿಲಿಮೀಟರಿಗಿಂತ ದಪ್ಪದ ಪ್ಲಾಸ್ಟಿಕ್ ಕಾವಲಿದೆ. ಹೆಸರು ಬರೆಯುವ ಬದಿಯಲ್ಲಿ ಡೇಟಾಗೆ ಹೊದಿಕೆ ಎಂದರೆ ತೆಳ್ಳನೆಯ ಲೋಹ, ಅದರ ಮೇಲೆ ವಾರ್ನಿಷ್‌ನಂಥ ಒಂದು ಲೇಪ, ಅಷ್ಟೇ. ಅಕ್ಕ ಒತ್ತಿ ಬರೆದದ್ದು ಹೆಚ್ಚುಕಡಿಮೆ ಫೋಟೋಗಳ ಮೇಲೆಯೇ.

ಫೋಲ್ಡರ್ ನನ್ನ ಹತ್ತಿರ ಇತ್ತು. ಇನ್ನೊಂದು ಸಿಡಿ ಬರ್ನ್ ಮಾಡಿ, ಮುಚ್ಚಿ, ಬೇರೆ ಕಂಪ್ಯೂಟರಿನಲ್ಲಿ ನೋಡಿ, ನಾನೇ ಅದರ ಮೇಲೆ ಹೆಸರು ಬರೆದು ಕಳಿಸಿದೆ. ಜೊತೆಗೆ ಒಂದು ಮಾರ್ಕರನ್ನೂ ಹಾಕಿದ್ದೇನೆ.