ತಲೆಗೆ 17,000: ಕೊಟೇಶನ್ನಿನೊಳಗೇ ಕೂತಿರುವ ಜೀತ

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯಾಗಲಿ, ವಿಜಯನಗರದ ಅಪಾರ್ಟ್‌ಮೆಂಟಾಗಲಿ, ಹೌಸ್‌ಕೀಪಿಂಗ್ ಗುತ್ತಿಗೆ ಕೊಡುವಾಗ ಮೂರು ಕೊಟೇಶನ್ ತರಿಸಿ ಕಡಿಮೆಯದಕ್ಕೆ ಸಹಿ ಹಾಕುವುದು ವಾಡಿಕೆ. ಸ್ವಚ್ಛತಾ ಕೆಲಸದಲ್ಲಿ ಜೀತ ಶುರುವಾಗುವುದು ಬಹುಮಟ್ಟಿಗೆ ಆ ಸಹಿಯಿಂದಲೇ. ಜೀತ ಎಂದರೆ ಸಾಹುಕಾರರ ಕೊಟ್ಟಿಗೆಯಲ್ಲಿ ಸಾಲಕ್ಕೆ ದುಡಿಯುತ್ತಿದ್ದ ಆಳು ಮಾತ್ರ ಅಂದುಕೊಂಡವರು ಒಂದು ತೀರ್ಪು ನೆನಪಿಡಬೇಕು. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು.

ಹಾಗಾದರೆ ಕೊಟೇಶನ್ ಓದುವುದು ಹೇಗೆ? ಲೆಕ್ಕ ಸುಲಭವಾಗಲೆಂದು ಕನಿಷ್ಠ ವೇತನ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ (ನಿಜವಾದ ದರವನ್ನು ಕಾರ್ಮಿಕ ಇಲಾಖೆಯ ಆ ವರ್ಷದ ಅಧಿಸೂಚನೆಯಲ್ಲೇ ನೋಡಿ). ಮಾಲೀಕನ ಪಾಲಿನ ಪಿಎಫ್, ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಶೇ. 13, ಅಂದರೆ 1,950. ಇಎಸ್‌ಐ ಶೇ. 3.25, ಸುಮಾರು 488. ಬೋನಸ್ ಶೇ. 8.33, ಸುಮಾರು 1,250. ಗ್ರಾಚ್ಯುಟಿಗೆ ಶೇ. 4.81 ತೆಗೆದಿಟ್ಟರೆ 722. ಇಷ್ಟಕ್ಕೇ 19,400 ದಾಟಿತು. ವಾರದ ರಜೆ ಕಳೆದು ಒಬ್ಬರು ದುಡಿಯುವುದು 26 ದಿನ. ನಿಮ್ಮ ಕಟ್ಟಡ 30 ದಿನವೂ ಗುಡಿಸಬೇಕೆಂದರೆ ಉಳಿದ 4 ದಿನಕ್ಕೆ ರಿಲೀವರ್, ಅಂದರೆ ಬದಲಿ ಆಳು ಬೇಕು, ಅದು ಇನ್ನೂ 2,986. ಒಟ್ಟು ಸುಮಾರು 22,400. ಸಮವಸ್ತ್ರ, ಕೈಗವಸು, ಗುತ್ತಿಗೆದಾರನ ಲಾಭ, ಶೇ. 18 ಜಿಎಸ್‌ಟಿ ಯಾವುದೂ ಇದರಲ್ಲಿ ಸೇರಿಲ್ಲ.

ಈಗ ಯಾರೋ 'ಎಲ್ಲಾ ಸೇರಿ ತಲೆಗೆ 17,000' ಎಂದು ಬರೆದು ತಂದರೆ, ಕನಿಷ್ಠ ವೇತನಕ್ಕಿಂತ ಮೇಲಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಕೊರತೆಯ 5,400 ರೂಪಾಯಿ ಯಾರ ಜೇಬಿನಿಂದ ಬರುತ್ತದೆ ಎಂದು ಕೇಳಿ. ರಿಲೀವರ್ ಸಾಲೇ ಇಲ್ಲದ ಕೊಟೇಶನ್ ಎಂದರೆ ವಾರದ ರಜೆ ಇಲ್ಲವೆಂದೇ ಅರ್ಥ. ಸರ್ವೀಸ್ ಚಾರ್ಜ್ ಸೊನ್ನೆ ಎಂದು ಬರೆದವನು ಧರ್ಮಕ್ಕೆ ಕಂಪನಿ ನಡೆಸುತ್ತಿಲ್ಲ. ಹತ್ತು ಜನರ ಬಿಲ್ಲು ಹಾಕಿ ಎಂಟು ಜನರಿಂದ ಕೆಲಸ ತೆಗೆಯುತ್ತಾನೆ, ಇಲ್ಲವೇ ಸಂಬಳದಿಂದ ವಾಪಸ್ ಪಡೆಯುತ್ತಾನೆ.

ವಾಪಸ್ ಪಡೆಯುವ ದಾರಿಗಳು ಹಳೆಯವೇ. ಸಂಬಳ ಬ್ಯಾಂಕಿಗೇ ಹೋಗುತ್ತದೆ, ಆದರೆ ಎಟಿಎಂ ಕಾರ್ಡು ಸೂಪರ್‌ವೈಸರ್ ಕೈಯಲ್ಲಿರುತ್ತದೆ. ಡಬಲ್ ಡ್ಯೂಟಿ ಮಾಡಿಸಿ ಎರಡನೇ ಪಾಳಿಗೆ ಸಾದಾ ದರ ಕೊಡುತ್ತಾರೆ, ಕಾನೂನು ಹೇಳುವುದು ಓಟಿಗೆ ದುಪ್ಪಟ್ಟು. ಪಿಎಫ್‌ನಲ್ಲಿ ಮಾಲೀಕನ ಪಾಲನ್ನೂ ಕಾರ್ಮಿಕಳ ಸಂಬಳದಲ್ಲೇ ಹಿಡಿಯುತ್ತಾರೆ. ಸಮವಸ್ತ್ರದ 'ಡಿಪಾಸಿಟ್' ಎಂದು ಮೊದಲ ತಿಂಗಳ ಸಂಬಳಕ್ಕೆ ಕತ್ತರಿ ಹಾಕುತ್ತಾರೆ. ಅಸ್ಸಾಂ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರಾದರೆ ಏಜೆಂಟನ ಕಮಿಷನ್, ರೈಲಿನ ಖರ್ಚು, ರೂಮಿನ ಬಾಡಿಗೆ ಎಲ್ಲವೂ ಮುಂಗಡದ ಲೆಕ್ಕಕ್ಕೆ ಸೇರುತ್ತದೆ. ಆ ಲೆಕ್ಕದ ಪುಸ್ತಕವನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ದಸರಾ ಸಮಯದಲ್ಲಿ ಮೈಸೂರಿನ ಲಾಡ್ಜುಗಳಿಗೆ ಹದಿನೈದು ದಿನಕ್ಕೆಂದು ಕರೆತರುವವರ ಸ್ಥಿತಿ ಇನ್ನೂ ಕಷ್ಟ. ದುಡ್ಡೆಲ್ಲ 'ಹಬ್ಬ ಮುಗಿದ ಮೇಲೆ', ಹಾಜರಿ ಪುಸ್ತಕವಂತೂ ಇರುವುದೇ ಇಲ್ಲ.

ಮುಂಗಡ ಕೊಡುವುದೇ ತಪ್ಪಲ್ಲ. ಮಗಳ ಫೀಸಿಗೋ ಆಸ್ಪತ್ರೆಗೋ ಯಾರಿಗಾದರೂ ಬೇಕಾಗುತ್ತದೆ. 'ಸಾಲ ತೀರುವ ತನಕ ಬಿಡುವಂತಿಲ್ಲ' ಎಂಬ ಮಾತು ಸೇರಿಕೊಂಡ ಕೂಡಲೇ ಅದು ಜೀತವಾಗುತ್ತದೆ. ಆದ್ದರಿಂದ ಮುಂಗಡಕ್ಕೆ ಬಡ್ಡಿ ಇರಬಾರದು, ಕಂತು ಎಷ್ಟೆಂದು ಬರೆದ ಚೀಟಿಯ ಒಂದು ಪ್ರತಿ ಕಾರ್ಮಿಕರ ಕೈಯಲ್ಲಿರಬೇಕು, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರಬಾರದು. ಕೆಲಸ ಬಿಟ್ಟವರ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆಯೇ ಹೇಳುತ್ತದೆ. ಆಧಾರ್, ಮಾರ್ಕ್ಸ್ ಕಾರ್ಡ್ ನೋಡಿ, ಜೆರಾಕ್ಸ್ ಮಾಡಿ, ಅಲ್ಲೇ ವಾಪಸ್ ಕೊಡಿ. 'ಭದ್ರವಾಗಿರಲಿ ಅಂತ ಇಟ್ಟುಕೊಂಡಿದ್ದೇವೆ' ಎಂಬ ಉತ್ತರ ಬಂದರೆ ಅಲ್ಲೇ ಅನುಮಾನಪಡಿ.

ತಿಂಗಳ ಬಿಲ್ಲು ಪಾಸು ಮಾಡುವ ಮುಂಚೆ ಪಿಎಫ್ ಚಲನ್ ಒಂದನ್ನೇ ನೋಡಿದರೆ ಪ್ರಯೋಜನವಿಲ್ಲ. ಅದು ಗುತ್ತಿಗೆದಾರನ ಎಲ್ಲ ಸೈಟುಗಳಿಗೂ ಸೇರಿದ ಒಂದೇ ಮೊತ್ತವಾಗಿರಬಹುದು. ಜೊತೆಗೆ ಇಸಿಆರ್ (ಯಾರ ಹೆಸರಿಗೆ ಎಷ್ಟು ಪಿಎಫ್ ಕಟ್ಟಿದೆ ಎಂಬ ಮಾಸಿಕ ಪಟ್ಟಿ) ಕೇಳಿ, ನಿಮ್ಮ ಸೈಟಿನ ಹೆಸರುಗಳನ್ನು ಯುಎಎನ್ (ಕಾರ್ಮಿಕರ ಕಾಯಂ ಪಿಎಫ್ ಸಂಖ್ಯೆ) ಸಮೇತ ಹಾಜರಿಯೊಂದಿಗೆ ತಾಳೆ ನೋಡಿ. ಅದರಲ್ಲಿ ಎನ್‌ಸಿಪಿ ಡೇಸ್ ಎಂಬ ಕಾಲಂ ಇರುತ್ತದೆ, ಸಂಬಳವಿಲ್ಲದ ದಿನಗಳೆಂದು ಅರ್ಥ. ನಿಮ್ಮ ಹಾಜರಿಯಲ್ಲಿ 26 ಇದ್ದು ಅಲ್ಲಿ 10 ದಿನ ಗೈರು ಎಂದಿದ್ದರೆ ಕಳ್ಳತನ ಅಲ್ಲೇ ಸಿಕ್ಕಿತು. ಐದು ಜನರಿಗೆ ಅವರವರ ಫೋನಿನಲ್ಲೇ ಪಿಎಫ್ ಪಾಸ್‌ಬುಕ್ ತೆರೆಯಲು ಹೇಳಿ. ಯಾರ ಹತ್ತಿರವೂ ಪಾಸ್‌ವರ್ಡ್ ಇಲ್ಲದೆ ಎಲ್ಲವೂ ಆಫೀಸಿನಲ್ಲಿದೆ ಎಂದರೆ, ಅದನ್ನೂ ಬರೆದಿಟ್ಟುಕೊಳ್ಳಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಗುತ್ತಿಗೆ ಕೊಟ್ಟ ನೀವೇ, ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕು. ಹಾಗಾಗಿ ಈ ತಪಾಸಣೆ ನಿಮ್ಮ ಜೇಬಿಗೂ ಒಳ್ಳೆಯದು.

ಮಾತಾಡಿಸುವುದೂ ಒಂದು ಕಲೆ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದಾಗ 'ಏನಮ್ಮ, ತೊಂದರೆ ಇದೆಯಾ?' ಎಂದರೆ 'ಏನಿಲ್ಲ ಸಾರ್, ಚೆನ್ನಾಗಿದ್ದೀವಿ' ಎಂಬುದಷ್ಟೇ ಉತ್ತರ. ಟೀ ಹೊತ್ತಿನಲ್ಲಿ, ಹೆಂಗಸರನ್ನು ಹೆಂಗಸರೇ, ಹೊರರಾಜ್ಯದವರನ್ನು ಅವರ ಭಾಷೆ ಬಲ್ಲವರೇ ಮಾತಾಡಿಸಬೇಕು. 'ಹೋದ ತಿಂಗಳು ಕೈಗೆ ಎಷ್ಟು ಬಂತಮ್ಮ?', 'ಎಟಿಎಂ ಕಾರ್ಡ್ ಎಲ್ಲಿದೆ?', 'ನಾಳೆ ಊರಿಗೆ ಹೋಗಬೇಕೆಂದರೆ ಯಾರನ್ನು ಕೇಳಬೇಕು?' ಈ ಮೂರೇ ಸಾಕು.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಮಾತು. ಒಳಚರಂಡಿಯ ಪಿಟ್ (ಗುಂಡಿ) ಕಟ್ಟಿಕೊಂಡಿತೆಂದು ಹೌಸ್‌ಕೀಪಿಂಗ್ ಹುಡುಗನನ್ನು ಒಳಗಿಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು.

ಜೀತದ ಗುರುತು ಕಂಡರೆ ಮೊದಲು ಗುತ್ತಿಗೆದಾರನಿಗೆ ಫೋನು ಮಾಡುವ ತಪ್ಪು ಮಾಡಬೇಡಿ. ರಾತ್ರೋರಾತ್ರಿ ಜನರನ್ನು ಬೇರೆ ಸೈಟಿಗೆ ಸಾಗಿಸಿಬಿಡುತ್ತಾರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ದೂರು ಹೋಗಬೇಕಾದ್ದು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ (ಎಸಿ). ಮೈಸೂರು ಜಿಲ್ಲೆಯಲ್ಲಿ ಎಸಿ ಕಚೇರಿ ಮೈಸೂರು ಮತ್ತು ಹುಣಸೂರಿನಲ್ಲಿ, ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರದಲ್ಲಿದೆ. ಮಕ್ಕಳಿದ್ದರೆ 1098, ಉಚಿತ ಕಾನೂನು ನೆರವಿಗೆ 15100. ಆ ಸಾಲ ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದೇ, ಸಾಕ್ಷಿಯಿಲ್ಲವೆಂದು ಕಾರ್ಮಿಕರು ಹಿಂಜರಿಯಬೇಕಿಲ್ಲ. ಬಿಡುಗಡೆ ಪತ್ರ ಕೈಸೇರುವ ತನಕ ಬೆನ್ನು ಬಿಡಬೇಡಿ, ಪುನರ್ವಸತಿಯ ಹಣಕ್ಕೆ ಅದೇ ಆಧಾರ.

ಗುತ್ತಿಗೆಯನ್ನು ಏಕಾಏಕಿ ರದ್ದು ಮಾಡಿದರೆ ಕೆಲಸ ಹೋಗುವುದು ಕಾರ್ಮಿಕರದೇ. ಹೊಸ ಗುತ್ತಿಗೆದಾರ ಅದೇ ಜನರನ್ನು ಅದೇ ಯುಎಎನ್‌ನಲ್ಲಿ ಮುಂದುವರಿಸಬೇಕು, ಹಳಬನ ಮುಂಗಡದ ಚೀಟಿ ಯಾವುದೂ ಜೊತೆಗೆ ಬರಬಾರದು ಎಂಬ ಎರಡು ಸಾಲನ್ನು ಹೊಸ ಕರಾರಿನಲ್ಲಿ ಬರೆಸಿದ ಮೇಲೆಯೇ ಹಳೆಯದನ್ನು ಮುಗಿಸಿ.