ರಿಲೇ ಒಂದಿದ್ದರೆ ಸಾಕಾ?

ಇವತ್ತು ಒಂದು ಯುಡಬ್ಲ್ಯೂಬಿ (ಅಲ್ಟ್ರಾ ವೈಡ್‌ಬ್ಯಾಂಡ್, ತುಂಬಾ ಅಗಲದ ಬ್ಯಾಂಡ್ ಬಳಸೋ ಹತ್ತಿರದ ರೇಡಿಯೊ) ಲಿಂಕ್, ಮಧ್ಯೆ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ರಿಲೇ ಇಟ್ಟ ಮೇಲೂ ಪ್ಯಾಕೆಟ್ ಕಳ್ಕೊಳ್ತಾನೇ ಇತ್ತು.

ಪಕ್ಕದಲ್ಲೇ ವೈಫೈ 6ಇ ರೌಟರ್. ಅದರ ಬ್ಯಾಂಡ್ ಪೂರ್ತಿ ತೆರೆದಿರೋ ಕಡೆ 5.925ರಿಂದ 7.125 ಗಿಗಾಹರ್ಟ್ಸ್. ಯುಡಬ್ಲ್ಯೂಬಿ ಚಾನೆಲ್ 5 ಇರೋದು 6489.6 ಮೆಗಾಹರ್ಟ್ಸ್‌ನಲ್ಲಿ, ಸರಿಯಾಗಿ ಅದರ ಹೊಟ್ಟೆಯೊಳಗೆ!

ಯುಡಬ್ಲ್ಯೂಬಿಗೆ ಬಿಟ್ಟಿರೋದು ಮೆಗಾಹರ್ಟ್ಸ್‌ಗೆ -41.3 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಅಷ್ಟೇ. ವೈಫೈ ಮುಂದೆ ಅದು ಸಂತೆಯೊಳಗಿನ ಪಿಸುಮಾತು.

ಬಂದದ್ದನ್ನು ಹಾಗೇ ವರ್ಧಿಸೋ ರಿಲೇ ಈ ಗದ್ದಲವನ್ನೂ ವರ್ಧಿಸಿಯೇ ಕಳಿಸುತ್ತೆ. ಡಿಕೋಡ್ ಮಾಡಿ ಹೊಸದಾಗಿ ಕಳಿಸೋದೇ ವಾಸಿ.
ಆದರೆ ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ನೋಡೋ ಲೆಕ್ಕ) ತಾಳೆಯಾಗದ ಪ್ಯಾಕೆಟನ್ನ ರಿಲೇ ಅಲ್ಲೇ ಬಿಸಾಡಬೇಕು. ಇಲ್ಲಾಂದ್ರೆ ತಪ್ಪೇ ಮುಂದಕ್ಕೆ ಹೋಗುತ್ತೆ.

ಚಾನೆಲ್ 9ಕ್ಕೆ, ಅಂದರೆ 7987.2 ಮೆಗಾಹರ್ಟ್ಸ್‌ಗೆ ಹೋದರೆ ಈ ಕಾಟ ಬಹುಪಾಲು ತಪ್ಪುತ್ತೆ. ದಾರಿಯಲ್ಲಿ ಸುಮಾರು 1.8 ಡಿಬಿ ಜಾಸ್ತಿ ನಷ್ಟ. ಕೊಡಬಹುದಾದ ಬೆಲೆಯೇ.